ಉಂಡ ಮನೆಯ ಜಂತೆ

ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಗಾದೆಯನ್ನು ನಮ್ಮ ಕಡೆ ಮಕ್ಕಳಿಗೆ ಬಹಳ ಬೇಗ ಕಲಿಸುತ್ತಾರೆ. ಪರರ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಅಲ್ಲಿಯೇ ಅಡ್ಡಾಗಿ, ಮೇಲೆ ನೋಡುತ್ತ ಈ ಮನೆಗೆ ಎಷ್ಟು ಜಂತೆ, ಯಾವ ಮರ, ಎಷ್ಟು ಬೆಲೆ ಬಾಳೀತು ಎಂದು ಲೆಕ್ಕ ಹಾಕುವವನು ಕೃತಘ್ನ ಎಂಬುದು ಅದರ ತಾತ್ಪರ್ಯ. ಹೊಸೂರು, ಡೆಂಕಣಿಕೋಟೆ, ತಳಿ ಸೀಮೆಯ ನಾವು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಆಡಿಕೊಂಡು ಬೆಳೆದವರು. ಉಂಡ ಮನೆಗೆ ಎರಡು ಬಗೆಯಬೇಡ ಎಂಬ ಮಾತನ್ನು ತಮಿಳಿನಲ್ಲಿಯೂ ಕೇಳಿದ್ದೇವೆ. ಉಂಡ ಚೋರಿಗೆ ಕೃತಜ್ಞತೆ ಬೇಕು ಎಂಬ ಮಾತು ಮಲಯಾಳದಲ್ಲಿಯೂ ಇದೆ. 'ಉಂಡ' ಎಂಬ ಶಬ್ದ ಈ ಮೂರೂ ಭಾಷೆಗಳಿಗೆ ಒಂದೇ. ಗಡಿಗಳು ಬರುವುದಕ್ಕೆ ಮೊದಲೇ ಊಟ ಇತ್ತು, ಊಟದ ಜೊತೆಗೆ ಅದರ ಋಣವೂ ಇತ್ತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಗಾದೆಯನ್ನು ನಾನು ಪ್ರಶ್ನಿಸದೆ ನಂಬಿದ್ದೆ. ಪಾಂಡಿಚೇರಿಗೆ ಹೋಗಿಬಂದ ಮೇಲೆ ಅದರ ಬಗ್ಗೆ ಸ್ವಲ್ಪ ಯೋಚಿಸಬೇಕಾಯಿತು. ಆ ಯೋಚನೆಯನ್ನು ಓದುಗರ ಮುಂದಿಡುವುದಷ್ಟೇ ಈ ಬರಹದ ಉದ್ದೇಶ.

ನಮ್ಮವರಿಗೆ ಫ್ರೆಂಚ್ ನಗರವೆಂದರೆ ಪ್ಯಾರಿಸ್ ಅಲ್ಲ, ಪಾಂಡಿಚೇರಿ. 2006ರಿಂದ ಅದರ ಅಧಿಕೃತ ಹೆಸರು ಪುದುಚೇರಿ ಎಂದಾಗಿದ್ದರೂ ನಮ್ಮ ಬಾಯಿಯಲ್ಲಿ ಅದು ಇನ್ನೂ ಪಾಂಡಿಚೇರಿಯೇ. ಈ ವಾರ್ಷಿಕವನ್ನು ಓದುವ ಮಲಯಾಳಿ ಮಿತ್ರರಿಗೆ ಬಹುಶಃ ಮೊದಲು ನೆನಪಾಗುವುದು ಮಾಹೆ, ಅವರ ಮಯ್ಯಳಿ. ಎರಡೂ ಒಂದೇ ಆಡಳಿತಕ್ಕೆ ಸೇರಿದವು, ಒಂದು ಪೂರ್ವದ ಕಡಲಿಗೆ, ಇನ್ನೊಂದು ಪಶ್ಚಿಮದ ಕಡಲಿಗೆ. ಕೃಷ್ಣಗಿರಿಯವರಿಗಂತೂ ಪಾಂಡಿಚೇರಿ ತೀರ ದೂರದ್ದೇನೂ ಅಲ್ಲ. ಹಿಂದೆ 66ನೆಯ ರಾಷ್ಟ್ರೀಯ ಹೆದ್ದಾರಿ ಎನ್ನುತ್ತಿದ್ದ ರಸ್ತೆಯ ಒಂದು ತುದಿ ಕೃಷ್ಣಗಿರಿಯಾದರೆ ಇನ್ನೊಂದು ತುದಿ ಪಾಂಡಿಚೇರಿ. ಕೃಷ್ಣಗಿರಿಯಿಂದ ತಿಂಡಿವನದವರೆಗಿನ ಭಾಗಕ್ಕೆ ಈಗ 77 ಎಂಬ ಸಂಖ್ಯೆ. ಊತ್ತಂಗರೆ, ಚೆಂಗಂ, ತಿರುವಣ್ಣಾಮಲೆ, ಸೆಂಜಿ, ತಿಂಡಿವನ ದಾಟಿ ಇನ್ನೂರು ಕಿಲೋಮೀಟರಿಗೆ ತುಸು ಹೆಚ್ಚು ಹೋದರೆ ಸಮುದ್ರ. ಬೆಳಗಿನ ಬಸ್ಸು ಹಿಡಿದವನು ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು.

ಆ ನಗರ ಚೆಂದವಾಗಿದೆ ಎಂಬುದನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ. ನಡುವೆ ಒಂದು ಕಾಲುವೆ. ಅದರ ಸಮುದ್ರದ ಕಡೆಯಲ್ಲಿ ಹಳದಿ ಗೋಡೆಗಳ, ಎತ್ತರದ ಬಾಗಿಲುಗಳ ಮನೆಗಳು, ಕಾಗದದ ಹೂವಿನ ಬಳ್ಳಿಗಳು, ರೊಮೇನ್ ರೋಲಾಂ, ದ್ಯೂಮಾ, ಸುಫ್ರೆನ್ ಎಂಬ ಹೆಸರಿನ ಬೀದಿಗಳು. ಇನ್ನೊಂದು ಕಡೆಯಲ್ಲಿ ಜಗುಲಿಯಿಟ್ಟು ಕಂಬ ನಿಲ್ಲಿಸಿದ ತಮಿಳು ಮನೆಗಳು. ಪೊಲೀಸರ ತಲೆಯ ಮೇಲೆ ಕೆಂಪು ಟೋಪಿ. ಬೇಕರಿಗಳಲ್ಲಿ ಮೊಳದುದ್ದದ ಗಟ್ಟಿ ಸಿಪ್ಪೆಯ ಬ್ರೆಡ್ಡು. ಕ್ರಿಸ್‌ಮಸ್ ಬಂತೆಂದರೆ ರವೆ, ತುಪ್ಪ, ರಮ್ಮಿನಲ್ಲಿ ನೆನೆಸಿದ ಹಣ್ಣು ಹಾಕಿ ಮಾಡುವ ವಿವಿಕಂ ಎಂಬ ಕೇಕು. ತೆಂಗಿನ ಹಾಲು ಬೆರೆತ ಫ್ರೆಂಚ್ ಸಾರುಗಳು, ಹುಣಿಸೆ ಬೆರೆಯದ ತಮಿಳು ಸಾರುಗಳು. ಎರಡು ಅಡಿಗೆಮನೆಗಳು ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದಕ್ಕೊಂದು ಇಣುಕಿ ನೋಡಿದರೆ ಏನಾಗಬಹುದೋ ಅದೆಲ್ಲ ಅಲ್ಲಿ ಆಗಿದೆ. ನಾನೂ ಉಂಡೆ, ಸಂತೋಷಪಟ್ಟೆ. ಹಣ ಕೊಟ್ಟೆ. ಲೆಕ್ಕ ಚುಕ್ತಾ ಎಂದುಕೊಂಡೆ.

ಅದೇ ಸಂಜೆ ಆನಂದರಂಗ ಪಿಳ್ಳೈ ಅವರ ಮನೆಯನ್ನು ನೋಡಿದೆ. ಡೂಪ್ಲೆ ಗವರ್ನರನಾಗಿದ್ದಾಗ ಅವನಿಗೆ ದುಭಾಷಿಯಾಗಿದ್ದ ಪಿಳ್ಳೈ 1736ರಿಂದ ಸಾಯುವವರೆಗೆ ತಮಿಳಿನಲ್ಲಿ ದಿನಚರಿ ಬರೆದರು. ಮುಂದೆ ಅದರ ಇಂಗ್ಲಿಷ್ ಅನುವಾದ 12 ಸಂಪುಟಗಳಲ್ಲಿ ಬಂತು. ಮನೆಯ ಕೆಳಗಿನ ಅಂತಸ್ತಿಗೆ ಕೆತ್ತನೆಯ ಮರದ ಕಂಬಗಳು, ಮೇಲಿನ ಅಂತಸ್ತಿಗೆ ಗಾರೆಯ ಯುರೋಪಿನ ಕಂಬಗಳು. ತಲೆಯೆತ್ತಿ ನೋಡಿದಾಗ ಗಾದೆ ನೆನಪಾಯಿತು. ಮಧ್ಯಾಹ್ನ ಉಂಡಿದ್ದ ನಾನು ಈಗ ಜಂತೆ ನೋಡುತ್ತಿದ್ದೆ. ಪಿಳ್ಳೈ ತೀರಿಕೊಂಡದ್ದು 1761ರ ಜನವರಿಯಲ್ಲಿ, ನಗರ ಇಂಗ್ಲಿಷರಿಗೆ ಶರಣಾಗುವುದಕ್ಕೆ ಕೆಲವೇ ದಿನ ಮೊದಲು. ಈಗ ಊಟಕ್ಕೆ ಹೆಸರಾದ ಈ ನಗರ ಆ ದಿನಗಳಲ್ಲಿ ಅನ್ನವಿಲ್ಲದೆ ಸಾಯುತ್ತಿತ್ತು.

ಆ ಹಸಿವಿನ ಕಥೆಯಲ್ಲಿ ನಮ್ಮ ಸೀಮೆಯ ಪಾಲೂ ಇದೆ. 1760ರಲ್ಲಿ ಹೈದರಾಲಿಯ ಭಾವಮೈದುನ ಮಖ್ದೂಮ್ ಅಲಿ ಬಾರಾಮಹಲನ್ನು, ಎಂದರೆ ಇಂದಿನ ಕೃಷ್ಣಗಿರಿ ಧರ್ಮಪುರಿಗಳ ನಾಡನ್ನು, ಕಡಪ ನವಾಬನಿಂದ ಕಸಿದುಕೊಂಡು, ಅಲ್ಲಿಂದ ಕೆಳಗಿನ ಬಯಲಿಗೆ ಇಳಿದ. ಫ್ರೆಂಚ್ ಸೇನಾಪತಿ ಲಾಲಿ ಮೈಸೂರಿನವರೊಡನೆ ಒಪ್ಪಂದ ಮಾಡಿಕೊಂಡಿದ್ದ. ಫ್ರೆಂಚರು ತ್ಯಾಗದುರ್ಗದ ಕೋಟೆಯನ್ನು ಬಿಟ್ಟುಕೊಡಬೇಕು, ಮೈಸೂರಿನವರು ದಂಡನ್ನೂ ದನವನ್ನೂ ದವಸವನ್ನೂ ಒದಗಿಸಬೇಕು. ಜುಲೈನಲ್ಲಿ ತಿರುವತಿಗೈ ಬಳಿ ಇಂಗ್ಲಿಷರ ಒಂದು ತುಕಡಿಯನ್ನು ಸೋಲಿಸಿ ಮೈಸೂರಿನ ದಂಡು ಪಾಂಡಿಚೇರಿಗೆ ಎತ್ತುಗಳನ್ನು ಮುಟ್ಟಿಸಿತು. ಆಗಸ್ಟಿನಲ್ಲಿ ಶ್ರೀರಂಗಪಟ್ಟಣದಲ್ಲಿ ಖಂಡೇರಾಯ ತಿರುಗಿಬಿದ್ದ. ಹೈದರ್ ರಾತ್ರೋರಾತ್ರಿ ಆನೇಕಲ್ಲಿನ ಕಡೆಗೆ ಓಡಿಬಂದು ಬೆಂಗಳೂರು ಸೇರಿಕೊಂಡ, ಮಖ್ದೂಮನಿಗೆ ಹಿಂದಿರುಗುವಂತೆ ಕರೆ ಹೋಯಿತು. ಮೇಲುನಾಡಿನ ದವಸ ನಿಂತಿತು. ಆ ಒಪ್ಪಂದದಲ್ಲಿ ಕೋಟೆಯ ಹೆಸರಿದೆ, ದೊರೆಗಳ ಹೆಸರಿದೆ. ಎತ್ತುಗಳನ್ನು ಸಾಕಿದವರ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ.

ಇಂಗ್ಲಿಷರ ಮುತ್ತಿಗೆ ಬಿಗಿಯಾಯಿತು. ನವೆಂಬರ್ ಕೊನೆಯಲ್ಲಿ ಲಾಲಿ ಒಂದು ತೀರ್ಮಾನ ಮಾಡಿದ. ಉಳಿದ ದವಸ ಸೈನ್ಯಕ್ಕೆ ಸಾಲಬೇಕಾದರೆ ನಗರದಲ್ಲಿರುವ ಈ ನೆಲದ ಜನ ಹೊರಗೆ ಹೋಗಬೇಕು. ಗಂಡಸರು, ಹೆಂಗಸರು, ಮಕ್ಕಳು ಸೇರಿ ಸುಮಾರು 1400 ಜನರನ್ನು ಕೋಟೆಯಿಂದ ಹೊರಗೆ ಹಾಕಿದರು. ಇಂಗ್ಲಿಷರು ಅವರನ್ನು ತಮ್ಮ ಸಾಲಿನಾಚೆ ಹೋಗಗೊಡಲಿಲ್ಲ. ಹಿಂದಿರುಗಿದರೆ ಕೋಟೆಯವರು ಒಳಗೆ ಬಿಡಲಿಲ್ಲ. ಎಂಟು ದಿನ ಅವರು ಗೋಡೆಗೂ ದಂಡಿನ ಸಾಲಿಗೂ ನಡುವೆ ಹುಲ್ಲಿನ ಬೇರು ಕಿತ್ತು ತಿನ್ನುತ್ತ ಅಲೆದರು. ಕೊನೆಗೆ ಇಂಗ್ಲಿಷರು ದಾರಿ ಬಿಟ್ಟರು. 1761ರ ಜನವರಿ 16ರಂದು ನಗರ ಶರಣಾಯಿತು. ಗೆದ್ದವರು ಅದನ್ನು ನೆಲಸಮ ಮಾಡಿದರು. ನಾವು ಈಗ ಚಿತ್ರ ತೆಗೆದುಕೊಳ್ಳುವ ಹಳದಿ ಗೋಡೆಗಳ ಬೀದಿಗಳು 1765ರಲ್ಲಿ ಫ್ರೆಂಚರಿಗೆ ಊರು ಮರಳಿ ಸಿಕ್ಕಿದ ಮೇಲೆ ಎದ್ದವು.

ಇದನ್ನೆಲ್ಲ ತಿಳಿದ ಮೇಲೆ ಮಾರನೆಯ ದಿನದ ಬ್ರೆಡ್ಡು ರುಚಿಸಬೇಕೇ, ಬೇಡವೇ? ಇದು ತಮಾಷೆಯ ಪ್ರಶ್ನೆಯಲ್ಲ. ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಹಳೆಯದನ್ನು ಕೆದಕಬೇಡಿ, ಬಂದಿದ್ದೀರಿ, ತಿಂದು ನೋಡಿ ಹೋಗಿ ಎಂಬುದು ಒಂದು. ಆ ಗೋಡೆಯ ಚೆಂದವೆಲ್ಲ ಪಾಪದ ಚೆಂದ, ಅದನ್ನು ಮೆಚ್ಚುವವನು ಆ ಪಾಪಕ್ಕೆ ಪಾಲುದಾರ ಎಂಬುದು ಇನ್ನೊಂದು. ಮೊದಲನೆಯದು ಪ್ರವಾಸಿಯ ಉತ್ತರ, ಎರಡನೆಯದು ಪಂಡಿತನ ಉತ್ತರ. ಎರಡರಲ್ಲಿಯೂ ಒಂದು ಅನುಕೂಲವಿದೆ. ಪ್ರವಾಸಿ ಏನನ್ನೂ ತಿಳಿಯಬೇಕಾಗಿಲ್ಲ, ಪಂಡಿತ ಏನನ್ನೂ ಪ್ರೀತಿಸಬೇಕಾಗಿಲ್ಲ.

ಬದುಕಿನಲ್ಲಿ ಇವೆರಡೂ ಒಂದೇ ಮನೆಯಲ್ಲಿ ಇರಬಲ್ಲವು ಎಂಬುದನ್ನು ಮಲಯಾಳದ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಎಂ. ಮುಕುಂದನ್ ಅವರು ಮಯ್ಯಳಿ ಹೊಳೆಯ ದಡದ ಬದುಕನ್ನು ಕುರಿತು 1974ರಲ್ಲಿ ಬರೆದ ಕಾದಂಬರಿಯಲ್ಲಿ ಅಜ್ಜಿಗೆ ಬಿಳಿಯರ ಮೇಲೆ ಅಕ್ಕರೆ, ಮೊಮ್ಮಗ ದಾಸನ್ ಅವರನ್ನು ಕಳಿಸುವ ಹೋರಾಟಕ್ಕೆ ಇಳಿದವನು. ಅಜ್ಜಿಯ ಅಕ್ಕರೆ ಸುಳ್ಳಲ್ಲ, ಮೊಮ್ಮಗನ ಹೋರಾಟ ತಪ್ಪಲ್ಲ. ಕಷ್ಟವಿರುವುದು ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದರಲ್ಲಿ.

ಇಲ್ಲಿ ನನಗೆ ಸಹಾಯಕ್ಕೆ ಬಂದವನು ಜರ್ಮನಿಯ ತತ್ತ್ವಜ್ಞಾನಿ ಕಾಂಟ್. ತನ್ನ ಊರು ಕೋನಿಗ್ಸ್‌ಬರ್ಗಿನ ಸೀಮೆಯನ್ನು ಬಿಟ್ಟು ದೂರ ಹೋಗದ ಈ ಮನುಷ್ಯ ಪರಸ್ಥಳಕ್ಕೆ ಹೋಗುವುದರ ನೀತಿಯನ್ನು ಕುರಿತು ಬಹಳ ಆಳವಾಗಿ ಯೋಚಿಸಿದ. ಶಾಶ್ವತ ಶಾಂತಿಯನ್ನು ಕುರಿತ ಅವನ ಪುಸ್ತಕ ಪ್ರಕಟವಾದದ್ದು 1795ರಲ್ಲಿ. ಶ್ರೀರಂಗಪಟ್ಟಣದ ಒಪ್ಪಂದದಂತೆ ನಮ್ಮ ಬಾರಾಮಹಲು ಇಂಗ್ಲಿಷ್ ಕಂಪನಿಯ ಕೈಸೇರಿ ಆಗ ಮೂರು ವರ್ಷವಾಗಿತ್ತು. ಯಾವ ಮನುಷ್ಯನಿಗೂ ಇನ್ನೊಬ್ಬರ ನೆಲಕ್ಕೆ ಭೇಟಿ ಕೊಡುವ ಹಕ್ಕಿದೆ, ಬಂದವನನ್ನು ಶತ್ರುವಿನಂತೆ ಕಾಣಬಾರದು ಎನ್ನುತ್ತಾನೆ ಕಾಂಟ್. ಬಂದವನು ಮನೆಯವನಾಗಿ ಉಳಿಯುತ್ತೇನೆ ಎನ್ನುವುದಕ್ಕೆ ಮಾತ್ರ ಆ ಹಕ್ಕು ಸಾಲದು, ಅದಕ್ಕೆ ಬೇರೆ ಒಪ್ಪಿಗೆ ಬೇಕು. ಮನೆಯವನು ಅವನನ್ನು ಹಿಂದಕ್ಕೆ ಕಳಿಸಬಹುದು, ಆದರೆ ಹಾಗೆ ಕಳಿಸುವುದರಿಂದ ಅವನ ಪ್ರಾಣಕ್ಕೆ ಕೇಡಾಗುವಂತಿರಬಾರದು. ಯುರೋಪಿನ ವ್ಯಾಪಾರಿ ರಾಷ್ಟ್ರಗಳಿಗೆ ಭೇಟಿಗೂ ಗೆಲ್ಲುವುದಕ್ಕೂ ವ್ಯತ್ಯಾಸವೇ ತಿಳಿಯದು ಎಂದು ಆಪಾದಿಸಿ, ಕೋಠಿ ಕಟ್ಟುವ ನೆಪದಲ್ಲಿ ಹಿಂದೂಸ್ಥಾನಕ್ಕೆ ದಂಡು ತಂದು ಯುದ್ಧವನ್ನೂ ಕ್ಷಾಮವನ್ನೂ ಹಬ್ಬಿಸಿದ ಉದಾಹರಣೆಯನ್ನು ಕೊಡುತ್ತಾನೆ.

ಪಾಂಡಿಚೇರಿಯ ಫ್ರೆಂಚರೂ ಮೊದಲು ಬಂದದ್ದು ಭೇಟಿಗೇ. ಬಿಜಾಪುರದ ಆದಿಲ್‌ಶಾಹಿಯ ಅಧಿಕಾರಿ ಶೇರ್ ಖಾನ್ ಲೋದಿಯಿಂದ ಅವರಿಗೆ ಆ ಕಡಲತಡಿಯ ಹಳ್ಳಿಯಲ್ಲಿ ನೆಲೆ ಸಿಕ್ಕಿತು, 1674ರಲ್ಲಿ ಫ್ರಾನ್ಸ್ವಾ ಮಾರ್ಟಿನ್ ಅಲ್ಲಿ ತಳವೂರಿದ. ಅವರು ಹೊರಟದ್ದು 1954ರ ನವೆಂಬರ್ 1ರಂದು. ಬಂದವನು ಒಡೆಯನಾದಾಗ ಮನೆಯವನು ಪರದೇಶಿಯಾಗುತ್ತಾನೆ. 1760ರ ನವೆಂಬರಿನಲ್ಲಿ ಕೋಟೆಯ ಬಾಗಿಲು ಹಾಕಿಸಿದವನು ಅತಿಥಿ, ಹೊರಗೆ ಹುಲ್ಲು ಅಗಿದವರು ಮನೆಯವರು.

ಇಷ್ಟು ತರ್ಕ ಮಾಡಿ ನಾನು ಸಮಾಧಾನದಿಂದ ಊರಿಗೆ ಬರಬಹುದಾಗಿತ್ತು. ತಪ್ಪು ಲಾಲಿಯದು, ತಪ್ಪು ಇಂಗ್ಲಿಷರದು. ನನ್ನ ಕೈ ಶುದ್ಧ. ಆದರೆ ಎರಡನೆಯ ದಿನ ಸ್ನೇಹಿತರೊಬ್ಬರು ತಮ್ಮ ಸಂಬಂಧಿಕರ ಮನೆಗೆ ಊಟಕ್ಕೆ ಕರೆದುಕೊಂಡು ಹೋದರು. ಕಾಲುವೆಯ ಈಚೆಯ ಬೀದಿ, ಸಣ್ಣ ಮನೆ, ವಯಸ್ಸಾದ ತಾಯಿ ಒಬ್ಬರೇ. ಅವರು ಬಡಿಸಿದ ಸಾರಿಗೆ ವಡಗದ ಒಗ್ಗರಣೆ ಇತ್ತು. ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಉದ್ದಿನಬೇಳೆ, ಸಾಸಿವೆ, ಮೆಂತ್ಯ, ಕರಿಬೇವು ಎಲ್ಲವನ್ನೂ ಹರಳೆಣ್ಣೆಯಲ್ಲಿ ಕಲಸಿ ಉಂಡೆ ಕಟ್ಟಿ, ಹಲವು ದಿನ ಬಿಸಿಲಿನಲ್ಲಿ ಒಣಗಿಸಿ, ರಾತ್ರಿ ಮತ್ತೆ ಪಾತ್ರೆಯಲ್ಲಿ ಮುಚ್ಚಿಟ್ಟು ಮಾಡುವ ಪದಾರ್ಥ ಅದು. ಈರುಳ್ಳಿ ಅಗ್ಗವಾದಾಗ ಮಾಡಿ, ತುಟ್ಟಿಯಾದಾಗ ಬಳಸುವ ಬಡವರ ಜಾಣತನ. ಈಗ ಇದೇ ವಡಗ ವಡೂವಾನ್ ಎಂಬ ಹೆಸರಿನಲ್ಲಿ ಫ್ರಾನ್ಸಿನ ದೊಡ್ಡ ಹೋಟೆಲುಗಳ ಅಡಿಗೆಮನೆ ಸೇರಿದೆ. ಆ ತಾಯಿಗೆ ಅದನ್ನು ಹೇಳಿದಾಗ ಅವರಿಗೆ ನಗು ಬಂತು. ತಿನ್ನಲಿ ಬಿಡಿ ಎಂದರು.

ಹೊರಡುವಾಗ ಒಂದು ಪೊಟ್ಟಣ ವಡಗ ಕೊಟ್ಟರು. ನಾನು ಹಣ ತೆಗೆದೆ. ಅವರು ಬೇಸರಪಡಲಿಲ್ಲ, ಸುಮ್ಮನೆ ಕೇಳಿದರು: "ನಾನು ನಿಮ್ಮೂರಿಗೆ ಬಂದರೆ ಏನು ಕೊಡುತ್ತೀರಿ?" ರಾಗಿಮುದ್ದೆ, ಹುಳಿಸಾರು ಎಂದೆ. "ಆಯಿತಲ್ಲ, ಹಣ ಯಾಕೆ?" ಎಂದು ಮಾತು ಮುಗಿಸಿದರು. ಅವರಿಗೆ ಮಾತು ಮುಗಿದಿತ್ತು. ನನಗೆ ಮುಗಿಯಲಿಲ್ಲ. ನಾನು ಹೇಳಿದ ಮುದ್ದೆ ಒಂದು ಸಲ ಒಲೆಯ ಮೇಲೆ ಇದ್ದೂ ಕೊಡದೆ ಹೋದದ್ದು ನೆನಪಿಗೆ ಬಂತು.

ಅದು 2020ರ ಮಾತು. ಮಾರ್ಚ್ 25ರಿಂದ ದೇಶವೆಲ್ಲ ಬಂದ್ ಆಗಿತ್ತು. ಅತ್ತಿಬೆಲೆಗೂ ಜೂಜುವಾಡಿಗೂ ನಡುವಿನ ಗಡಿ, ದಿನಕ್ಕೆ ಸಾವಿರಾರು ಜನ ಯೋಚಿಸದೆ ದಾಟುವ ಗಡಿ, ನಿಜವಾಗಿಯೂ ಗಡಿಯಾಯಿತು. ಅದೇ ದಿನಗಳಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ದಾರಿಗಳೂ ಮುಚ್ಚಿ, ರೋಗಿಗಳು ಆಸ್ಪತ್ರೆ ಮುಟ್ಟಲಾಗದೆ ಪಟ್ಟ ಪಾಡನ್ನು ಈ ವಾರ್ಷಿಕದ ಓದುಗರು ನನಗಿಂತ ಚೆನ್ನಾಗಿ ಬಲ್ಲರು. ಹೊಸೂರಿನ ಸುತ್ತ ಕಾರ್ಖಾನೆಗಳ ಶೆಡ್ಡುಗಳಲ್ಲಿದ್ದ ಹೊರನಾಡಿನ ಹುಡುಗರು ಕೆಲಸವಿಲ್ಲದೆ, ಊರಿಗೆ ಹೋಗಲೂ ಆಗದೆ ಉಳಿದುಬಿಟ್ಟರು. ಒಂದು ಸಂಜೆ ಅಂಥ ನಾಲ್ವರು ನಮ್ಮ ಗೇಟಿನ ಮುಂದೆ ನಿಂತರು. ಅವರ ಹಿಂದಿ ನನಗೆ ಅರ್ಧ ತಿಳಿಯಿತು. ಅಕ್ಕಿಯೋ ಅನ್ನವೋ ಏನಾದರೂ ಇದೆಯೇ ಎಂದು ಕೇಳುತ್ತಿದ್ದರು. ಒಳಗೆ ಮುದ್ದೆಯ ಪಾತ್ರೆ ಒಲೆಯ ಮೇಲೆಯೇ ಇತ್ತು. ನನಗೆ ರೋಗದ ಭಯ. ಗೇಟು ತೆಗೆಯದೆ, ಎರಡು ನೂರರ ನೋಟುಗಳನ್ನು ಅಡ್ಡಪಟ್ಟಿಯ ಮೇಲಿಟ್ಟು ಹಿಂದೆ ಸರಿದೆ. ಅವರು ತೆಗೆದುಕೊಂಡು ಹೋದರು. ಆ ಹೊತ್ತಿನಲ್ಲಿ ಊರಿನಲ್ಲಿ ಒಂದು ಅಂಗಡಿಯೂ ತೆರೆದಿರಲಿಲ್ಲ. ಅದು ನನಗೆ ಗೊತ್ತಿತ್ತು.

ಕೋಟೆಯ ಬಾಗಿಲು ಹಾಕಿದ ಲಾಲಿಗೂ ನನಗೂ ಹೋಲಿಕೆ ಮಾಡಿದರೆ ಅದು ಅತಿಯಾಯಿತು ಎಂದು ಓದುಗರು ಹೇಳಬಹುದು. ಪ್ರಮಾಣದಲ್ಲಿ ಅತಿಯೇ. ಭಯವೂ ಸುಳ್ಳಿನದಾಗಿರಲಿಲ್ಲ. ಆದರೆ ಪಾತ್ರೆಯನ್ನು ಗೇಟಿನ ಹೊರಗಿಟ್ಟು ಹಿಂದೆ ಸರಿಯಬಹುದಾಗಿತ್ತು. ನೋಟು ಇಡುವುದಕ್ಕೆ ಸಾಧ್ಯವಾದದ್ದು ಮುದ್ದೆ ಇಡುವುದಕ್ಕೆ ಯಾಕೆ ಆಗಲಿಲ್ಲ? ಯಾಕೆಂದರೆ ಹಣ ಕೊಟ್ಟರೆ ಸಂಬಂಧ ಮುಗಿಯುತ್ತದೆ. ಅನ್ನ ಕೊಟ್ಟರೆ ಪಾತ್ರೆ ಮರಳಿ ಬರಬೇಕು, ನಾಳೆ ಹಸಿದಿರುತ್ತಾರೆಯೇ ಎಂದು ಕೇಳಬೇಕು. ಪಾಂಡಿಚೇರಿಯ ಹೋಟೆಲಿನಲ್ಲಿ ಲೆಕ್ಕ ಚುಕ್ತಾ ಎಂದುಕೊಂಡ ಕೈಯೇ ಹೊಸೂರಿನ ಗೇಟಿನ ಮೇಲೂ ನೋಟು ಇಟ್ಟಿತ್ತು.

ಕನ್ನಡದಲ್ಲಿ ಹಂಗು, ಋಣ ಎಂಬ ಎರಡು ಶಬ್ದಗಳಿವೆ. ಹಂಗು ಎಂದರೆ ಕೊಟ್ಟವನಿಗೆ ತಲೆಬಾಗಿಸಿಕೊಂಡಿರುವುದು. ಅದನ್ನು ತೀರಿಸಿ ಕೈತೊಳೆದುಕೊಳ್ಳಬೇಕು ಎನ್ನಿಸುತ್ತದೆ. ಹಣ ಹುಟ್ಟಿರುವುದೇ ಹಂಗು ಹರಿಯುವುದಕ್ಕೆ, ಅದರಲ್ಲಿ ತಪ್ಪೂ ಇಲ್ಲ. ಋಣ ಹಾಗಲ್ಲ. ಶತಪಥ ಬ್ರಾಹ್ಮಣದಲ್ಲಿ ಮನುಷ್ಯ ಹುಟ್ಟುವಾಗಲೇ ನಾಲ್ಕು ಋಣ ಹೊತ್ತು ಬರುತ್ತಾನೆ ಎಂಬ ಮಾತಿದೆ. ದೇವಋಣ, ಋಷಿಋಣ, ಪಿತೃಋಣಗಳನ್ನು ಎಲ್ಲರೂ ಹೇಳುತ್ತಾರೆ. ನಾಲ್ಕನೆಯದಾದ ಮನುಷ್ಯಋಣವನ್ನು ನಾವು ಮರೆತೇಬಿಟ್ಟಿದ್ದೇವೆ. ಬಂದವರಿಗೆ ತಂಗಲು ಜಾಗ ಕೊಡುವುದು, ಉಣ್ಣಲು ಇಡುವುದು ಅದನ್ನು ತೀರಿಸುವ ಬಗೆ. ಋಣ ಕೊಟ್ಟವನಿಗೇ ಮರಳಬೇಕೆಂದಿಲ್ಲ. ಅದು ಮುಂದಿನವನಿಗೆ ಸಲ್ಲುತ್ತದೆ.

ಹೀಗೆ ನೋಡಿದರೆ ತಪ್ಪು ಮತ್ತು ಋಣ ಬೇರೆ ಬೇರೆ ಎಂಬುದೂ ತಿಳಿಯುತ್ತದೆ. 1760ರ ತಪ್ಪು ನನ್ನದಲ್ಲ. ಅದಕ್ಕಾಗಿ ನಾನು ಬ್ರೆಡ್ಡು ಬಿಟ್ಟು ಉಪವಾಸ ಕುಳಿತರೆ ಗೋಡೆಯ ಹೊರಗಿನ 1400 ಜನರಲ್ಲಿ ಒಬ್ಬರ ಹೊಟ್ಟೆಯೂ ತುಂಬುವುದಿಲ್ಲ. ಆದರೆ ಆ ನಗರದ ಚೆಂದವನ್ನು ಉಂಡವನಾದ್ದರಿಂದ ಅವರ ಋಣ ನನ್ನ ಮೇಲಿದೆ. ತಿಳಿದುಕೊಳ್ಳುವುದರಿಂದ ರುಚಿ ಕೆಡುವುದಿಲ್ಲ. ಯಾರ ಋಣ ಎಂಬುದು ಗೊತ್ತಾಗುತ್ತದೆ, ಅಷ್ಟೆ.

ಪಾಂಡಿಚೇರಿಯಲ್ಲಿ ಇದನ್ನು ಹೇಳುವ ಒಂದು ಗುರುತೂ ಇದೆ. ಭಾರತಿ ಉದ್ಯಾನದ ನಡುವೆ ಮೂರನೆಯ ನೆಪೋಲಿಯನ್ನನ ಕಾಲದಲ್ಲಿ ಕಟ್ಟಿದ ಬಿಳಿಯ ಮಂಟಪ. ಪುದುಚೇರಿ ಸರ್ಕಾರದ ಲಾಂಛನದಲ್ಲಿಯೂ ಅದೇ ಮಂಟಪ. ಹೆಸರು ಆಯಿ ಮಂಟಪ. ಐತಿಹ್ಯದಲ್ಲಿ ಆಯಿ ಒಬ್ಬ ಗಣಿಕೆ. ದೀಪಗಳಿಂದ ಬೆಳಗುತ್ತಿದ್ದ ಅವಳ ಮನೆಯನ್ನು ಗುಡಿಯೆಂದು ತಿಳಿದು ನಮ್ಮ ಕೃಷ್ಣದೇವರಾಯ ಕೈಮುಗಿದನಂತೆ. ನಿಜ ತಿಳಿದಾಗ ಸಿಟ್ಟಾಗಿ ಮನೆ ಕೆಡವಲು ಹೇಳಿದನಂತೆ. ಅವಳೇ ಮನೆ ಕೆಡವಿಸಿ ಅಲ್ಲಿ ಕೆರೆ ತೋಡಿಸಿದಳಂತೆ. ಶತಮಾನಗಳ ಮೇಲೆ ಮುತ್ತಿರಪಾಳೆಯದ ಆ ನೀರನ್ನು ಫ್ರೆಂಚರು ನಗರಕ್ಕೆ ತಂದಾಗ ಮಂಟಪಕ್ಕೆ ರಾಜನ ಹೆಸರಿಡದೆ ಅವಳ ಹೆಸರಿಟ್ಟರು. ನಗರ ಕುಡಿದ ನೀರಿನ ಋಣ ಯಾರದೆಂದು ಆ ಒಂದು ಹೆಸರಿನಲ್ಲಿಯಾದರೂ ಉಳಿದಿದೆ.

ಗಾದೆಯ ಮಾತಿಗೆ ಮರಳುತ್ತೇನೆ. ಅದು ನಿಷೇಧಿಸುವುದು ಎಣಿಸುವುದನ್ನು. ಎಣಿಸುವವನು ಬೆಲೆ ಕಟ್ಟುತ್ತಾನೆ, ಬೆಲೆ ಕಟ್ಟಿದವನು ಹಣ ಕೊಟ್ಟು ಎದ್ದು ಹೋಗಬಲ್ಲ. ತಲೆಯೆತ್ತಿ ಜಂತೆಯನ್ನು ನೋಡಿ, ಇದನ್ನು ಹೊತ್ತು ತಂದವರು ಯಾರು, ಅವರು ಉಂಡರೇ ಎಂದು ಕೇಳುವುದನ್ನು ಯಾವ ಗಾದೆಯೂ ಬೇಡವೆಂದಿಲ್ಲ.

ಆ ನಾಲ್ವರು ಹುಡುಗರು ಯಾವ ಊರಿನವರೋ, ಈಗ ಎಲ್ಲಿದ್ದಾರೋ. ಅವರಿಗೆ ಕೊಡಬೇಕಾದದ್ದನ್ನು ಅವರಿಗೆ ಕೊಡಲು ಆಗದು. ಪಾಂಡಿಚೇರಿಯಿಂದ ಬಂದ ಮೇಲೆ ನಮ್ಮ ಮನೆಯಲ್ಲಿ ರಾತ್ರಿ ಒಂದೆರಡು ಮುದ್ದೆ ಹೆಚ್ಚಾಗಿ ಕಟ್ಟುತ್ತಿದ್ದೇವೆ. ಹತ್ತಿರದ ಶೆಡ್ಡಿನ ಹುಡುಗರು ಕೆಲವು ದಿನ ಬರುತ್ತಾರೆ. ಮೊದಲ ಸಲ ಮುದ್ದೆಯನ್ನು ಅಗಿಯಲು ಹೋಗಿ ನಕ್ಕರು, ನುಂಗಬೇಕೆಂದು ನಾವು ತೋರಿಸಿಕೊಟ್ಟೆವು. ವಡಗದ ಒಗ್ಗರಣೆ ಅವರಿಗೂ ಹಿಡಿಸಿದೆ. ಯಾರೂ ಬಾರದ ದಿನ ಆ ಮುದ್ದೆ ಬೆಳಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಅಂಬಲಿಯಾಗುತ್ತದೆ. ಇದರಿಂದ ಹಳೆಯ ಸಂಜೆ ಅಳಿಸಿಹೋಗಿದೆ ಎಂದು ನಾನು ಹೇಳುವುದಿಲ್ಲ. ಗೇಟು ಮಾತ್ರ ತೆರೆದಿದೆ.